ಕವಚ ಬೇಕು, ಕಮ್ಮಾರ ಬೇಡವೆ?

"ಒಳ್ಳೆಯ ಕೆಲಸಗಾರ ಸಿಗುವುದೇ ಇಲ್ಲ" ಎಂಬ ಗೋಳು ಉಳ್ಳವರ ಬಾಯಲ್ಲಿ ಹೊಸದಲ್ಲ. ಗಿರಣಿ ಮಾಲೀಕನಿಗೆ ಒಳ್ಳೆಯ ಫಿಟ್ಟರ್ ಸಿಗುವುದಿಲ್ಲ. ಬಂಗಲೆ ಕಟ್ಟಿಸುವ ಸಾಹುಕಾರನಿಗೆ ಒಳ್ಳೆಯ ಬಡಗಿ ಸಿಗುವುದಿಲ್ಲ. ಹೀಗೆ ಗೋಳಾಡುವ ಮಹನೀಯರನ್ನು "ಕೂಲಿ ಎಷ್ಟು ಕೊಡುತ್ತೀರಿ?" ಎಂದು ಒಂದೇ ಒಂದು ಪ್ರಶ್ನೆ ಕೇಳಿ ನೋಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. ಈ ವಾರ ನಾವು ಇದೇ ಗೋಳನ್ನು ಕಡಲಾಚೆಯಿಂದ ಬಂದ ಒಂದು ವಿಚಿತ್ರ ವೇಷದಲ್ಲಿ ಪರೀಕ್ಷಿಸಬೇಕೆಂದಿದ್ದೇವೆ. ನೂಲಿನ ಗಿರಣಿಯವರಿಗೂ ಕಿರಾಣಿ ಅಂಗಡಿಯವರಿಗೂ ಇದರಿಂದೇನು ಎಂದು ಓದುಗರು ಆರಂಭದಲ್ಲಿ ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಬೇಕು; ಮಾತು ಕೊನೆಗೆ ನಮ್ಮ ಬಾಗಿಲಿಗೇ ಬಂದು ನಿಲ್ಲುತ್ತದೆ.

ಯುರೋಪಿನಲ್ಲಿ, ಅಮೆರಿಕದಲ್ಲಿ ಸಾವಿರಾರು ಜನ ಬಿಡುವಿನ ದಿನಗಳಲ್ಲಿ ಐದಾರು ನೂರು ವರ್ಷದ ಹಿಂದಿನ ಯೋಧರ ವೇಷ ತೊಟ್ಟು ಹಳೆಯ ಕದನಗಳನ್ನು ಆಡಿ ತೋರಿಸುತ್ತಾರೆ. ಕೆಲವರು ಮೊಂಡು ಕತ್ತಿ ಹಿಡಿದು ನಿಜವಾಗಿಯೇ ಬಡಿದಾಡುತ್ತಾರೆ. ವಸ್ತುಸಂಗ್ರಹಾಲಯಗಳಿಗೆ, ನಾಟಕದವರಿಗೆ, ಸಿನೆಮಾ ಕಂಪನಿಗಳಿಗೆ ಕೂಡ ಇಂಥ ವೇಷ ಬೇಕು. ಇದಕ್ಕಾಗಿ ಮಧ್ಯಯುಗದ ಕವಚ, ಶಿರಸ್ತ್ರಾಣ, ಕಬ್ಬಿಣದ ಉಂಗುರಗಳನ್ನು ಹೆಣೆದ ಅಂಗಿ, ಇವುಗಳ ಪ್ರತಿರೂಪ ಮಾಡಿಸಬೇಕು. ಮಾಡಿಸಲು ಹೊರಟವರೆಲ್ಲರ ದೂರು ಒಂದೇ: ಬಲ್ಲ ಕಸಬುದಾರ ಸಿಗುವುದಿಲ್ಲ, ಸಿಕ್ಕರೆ ವರ್ಷಗಟ್ಟಲೆ ಕಾಯಿಸುತ್ತಾನೆ, ಕಾಯ್ದರೆ ಸಾವಿರಾರು ಡಾಲರು ಕೇಳುತ್ತಾನೆ. ಆಮೇಲೆ ಅವರು ಏನು ಮಾಡುತ್ತಾರೆ? ದಲ್ಲಾಳಿಯ ಬೆಲೆಪಟ್ಟಿ ತೆರೆದು ಎಲ್ಲಕ್ಕಿಂತ ಅಗ್ಗದ ಮಾಲಿಗೆ ಬೆರಳಿಡುತ್ತಾರೆ.

ಆ ಅಗ್ಗದ ಮಾಲು ಎಲ್ಲಿಂದ ಬರುತ್ತದೆ? ಬಹುಪಾಲು ನಮ್ಮ ದೇಶದಿಂದಲೇ. ಡೆಹ್ರಾಡೂನ್, ಮೀರತ್, ರೂರ್ಕಿ, ಈ ಊರುಗಳ ಕಾರ್ಖಾನೆಗಳಲ್ಲಿ ಇಂಗ್ಲೆಂಡಿನ ದೊರೆಯ ಎದೆಕವಚವೂ, ರೋಮಿನ ಸೈನಿಕನ ಶಿರಸ್ತ್ರಾಣವೂ ತಯಾರಾಗಿ ಪೆಟ್ಟಿಗೆಯಲ್ಲಿ ಕೂತು ಹಡಗೇರುತ್ತವೆ. ಯಾವ ದೊರೆಗಳ ಸಾಮ್ರಾಜ್ಯ ನಮ್ಮ ಕೈಕಸಬುಗಳ ಬೆನ್ನು ಮುರಿಯಿತೋ, ಆ ದೊರೆಗಳ ಪೂರ್ವಿಕರ ಪೋಷಾಕನ್ನು ಇಂದು ನಮ್ಮ ಕಮ್ಮಾರನೇ ಬಡಿಯುತ್ತಿದ್ದಾನೆ! ಅಷ್ಟೂ ಮಾಡಿ ಅವನಿಗೆ ಬಂದ ಬಿರುದೇನು? ಕೊಳ್ಳುವವರ ವಲಯದಲ್ಲಿ "ಇಂಡಿಯಾದ ಮಾಲು" ಎಂದರೆ ಕಳಪೆ ಮಾಲು ಎಂದೇ ಅರ್ಥವಾಗಿದೆ.

ಈ ಬೈಗುಳ ನಮಗೆ ತಾಕುತ್ತದೆ. ತಾಕಬೇಕು. ಆದರೆ ದೇಶಾಭಿಮಾನದ ಆವೇಶದಲ್ಲಿ ನಾವು ಸುಳ್ಳು ಹೇಳಬೇಕಾಗಿಲ್ಲ. ಹೊರಟ ಮಾಲಿನಲ್ಲಿ ಕಳಪೆಯದು ಬೇಕಾದಷ್ಟಿದೆ ಎಂಬುದು ನಿಜ. ಪ್ರಶ್ನೆ ಇಷ್ಟೆ: ಕಳಪೆಯಾದದ್ದು ಯಾರ ಕೈ, ಕೆಲಸಗಾರನದೋ, ಆರ್ಡರು ಬರೆದವನದೋ?

ಉತ್ತರ ಬೇಕಾದರೆ ಕೆಲಸ ಹೇಗೆ ನಡೆಯುತ್ತದೆಂದು ತಿಳಿಯಬೇಕು. ಉಂಗುರದ ಅಂಗಿಯನ್ನೇ ತೆಗೆದುಕೊಳ್ಳಿ. ಮೊದಲು ತಂತಿಯನ್ನು ಸರಳಿಗೆ ಸುತ್ತಿ ಸುರುಳಿ ಮಾಡಬೇಕು. ಸುರುಳಿಯನ್ನು ಕತ್ತರಿಸಿದರೆ ಉಂಗುರಗಳು. ಪ್ರತಿ ಉಂಗುರದ ಎರಡು ತುದಿಗಳನ್ನು ಒಂದರ ಮೇಲೊಂದು ತಂದು, ಬಡಿದು ಚಪ್ಪಟೆ ಮಾಡಿ, ಸಣ್ಣ ತೂತು ಕೊರೆದು, ಅಕ್ಕಪಕ್ಕದ ನಾಲ್ಕು ಉಂಗುರಗಳಲ್ಲಿ ತೂರಿಸಿ, ಗುಂಡುಸೂಜಿಯ ತಲೆಯಷ್ಟು ಚಿಕ್ಕ ರಿವೆಟ್ ಹಾಕಿ ಇಕ್ಕಳದಿಂದ ಅದುಮಬೇಕು. ಇದು ಒಂದು ಉಂಗುರದ ಕೆಲಸ. ಒಂದು ಅಂಗಿಗೆ ಇಂಥವು ಹತ್ತಾರು ಸಾವಿರ. ರಿವೆಟ್ ಬೇಡವೆಂದು ಬರಿದೆ ತುದಿಗೆ ತುದಿ ಮುಟ್ಟಿಸಿ ಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಬೆಲೆ ಇಳಿಯುತ್ತದೆ. ಎಳೆದರೆ ಉಂಗುರ ಬಾಯಿ ಬಿಡುತ್ತದೆ. ರಿವೆಟ್ ಬೇಡವೆಂದು ಹೇಳಿದವನು ಇಕ್ಕಳ ಹಿಡಿದವನಲ್ಲ, ಲೆಕ್ಕದ ಪುಸ್ತಕ ಹಿಡಿದವನು.

ತಗಡಿನ ಕವಚದ ಕತೆಯೂ ಇದೇ. ಹಳೆಯ ಕವಚಗಾರನು ಎದೆಯ ನಡುವೆ ಉಕ್ಕನ್ನು ದಪ್ಪವಾಗಿ ಉಳಿಸಿ, ಏಟು ಕಡಿಮೆ ಬೀಳುವ ಪಕ್ಕೆಯ ಕಡೆಗೆ ತೆಳುವಾಗಿ ಬಡಿಯುತ್ತಿದ್ದನು. ಹೀಗಾಗಿ ಯುದ್ಧಭೂಮಿಯಲ್ಲಿ ತೊಡುವ ಪೂರ್ತಿ ಕವಚದ ತೂಕ ಸುಮಾರು 20ರಿಂದ 25 ಕಿಲೋ ಮಾತ್ರ. ಅದೂ ಮೈಯೆಲ್ಲ ಹಂಚಿಹೋಗಿ, ತೊಟ್ಟವನು ಕುದುರೆ ಹತ್ತಿ ಇಳಿಯಬಲ್ಲವನಾಗಿದ್ದನು. ಮೊಣಕೈ, ಮೊಣಕಾಲುಗಳಲ್ಲಿ ತಗಡುಗಳು ಮೀನಿನ ಹುರುಪೆಯಂತೆ ಒಂದರಡಿ ಒಂದು ಸರಿಯಬೇಕು. ಇದಕ್ಕೆ ತೊಡುವವನ ಮೈಯಳತೆ ಬೇಕು, ನಡುವೆ ಒಂದೆರಡು ಸಲ ತೊಡಿಸಿ ನೋಡಬೇಕು. ಬೆಲೆಪಟ್ಟಿಯ ಮಾಲಿಗೆ ಮೈಯಳತೆಯೇ ಇಲ್ಲ: ಸಣ್ಣ, ಮಧ್ಯಮ, ದೊಡ್ಡ. ಲಂಡನ್ನಿನಲ್ಲಿ ಕೂತವನ ಮೊಣಕಾಲು ಎಲ್ಲಿ ಮಡಚುತ್ತದೆಂದು ಮೀರತ್ತಿನ ಕಮ್ಮಾರನಿಗೆ ಕನಸು ಬೀಳಬೇಕೆ? ಅಳತೆ ಕೊಡದೆ, ಮೂಲ ಕವಚ ತೋರಿಸದೆ, ಒಂದು ಚಿತ್ರ ಕಳಿಸಿ, "ಹಿಂದಿನ ಸಲಕ್ಕಿಂತ ಅಗ್ಗವಾಗಿರಲಿ" ಎಂದು ಬರೆದು, ಮಾಲು ಬಂದ ಮೇಲೆ ಮೂಗು ಮುರಿಯುವವರಿಗೆ ನಮ್ಮ ಹಳ್ಳಿಯ ಉತ್ತರ ಸಿದ್ಧವಾಗಿದೆ: ಕಾಸಿಗೆ ತಕ್ಕ ಕಜ್ಜಾಯ.

ಇದು ನಮ್ಮ ಪಕ್ಷದವರ ಕುಹಕವಲ್ಲ, ಚರಿತ್ರೆಯ ಸಾಕ್ಷಿ ಇದೆ. ಇಂಗ್ಲೆಂಡಿನ ಎಂಟನೆಯ ಹೆನ್ರಿ ದೊರೆಗೂ ಒಂದು ಕಾಲದಲ್ಲಿ ಒಳ್ಳೆಯ ಕವಚಗಾರ ತನ್ನ ದೇಶದಲ್ಲಿ ಸಿಗಲಿಲ್ಲ. ಅವನು ಗೋಳಾಡುತ್ತ ಕೂರಲಿಲ್ಲ. 1511ರಲ್ಲಿ ಮಿಲಾನಿನಿಂದ, 1515ರ ಹೊತ್ತಿಗೆ ಜರ್ಮನ್ ನಾಡುಗಳಿಂದಲೂ ಫ್ಲಾಂಡರ್ಸ್‌ನಿಂದಲೂ ಕಸಬುದಾರರನ್ನು ಕರೆಸಿದ. ಗ್ರೀನಿಚ್‌ನಲ್ಲಿ ಕಾರ್ಯಾಗಾರ ಕಟ್ಟಿಸಿ ಸಂಬಳ ಗೊತ್ತುಮಾಡಿದ. ಹೆಂಡಿರ ತಲೆ ಕಡಿಸಿದ ದೊರೆಗೂ ಇಷ್ಟು ತಿಳಿದಿತ್ತು: ಕುಶಲ ಕೈ ಬೇಕಾದರೆ ಆ ಕೈಯನ್ನು ಸಾಕಬೇಕು.

1520ರಲ್ಲಿ ಫ್ರಾನ್ಸಿನ ದೊರೆಯನ್ನು ಕಾಣಲು ಹೋಗುವಾಗ ತೊಡಲೆಂದು ಹೆನ್ರಿ ಒಂದು ಕವಚ ಮಾಡಿಸುತ್ತಿದ್ದನು. ಅದರಲ್ಲಿ 235 ಬಿಡಿಭಾಗಗಳು. ತಲೆಯಿಂದ ಅಂಗಾಲಿನವರೆಗೆ ಕತ್ತಿಯ ಮೊನೆ ನುಗ್ಗುವಷ್ಟು ಸಂದಿಲ್ಲ, ಆದರೂ ಒಳಗಿದ್ದವನು ಕೈಕಾಲು ಆಡಿಸಬಹುದು. 1960ರ ದಶಕದಲ್ಲಿ ಬಾಹ್ಯಾಕಾಶಕ್ಕೆ ಹೋಗುವವರ ಉಡುಪು ರೂಪಿಸುತ್ತಿದ್ದ ಅಮೆರಿಕದ ಎಂಜಿನಿಯರರು ಕೀಲುಗಳ ರಹಸ್ಯ ತಿಳಿಯಲು ಈ ಕವಚವನ್ನೇ ಅಭ್ಯಾಸ ಮಾಡಿದರು. ಆದರೆ ಕವಚ ಮುಗಿಯುವ ಮೊದಲೇ ಪಂದ್ಯದ ನಿಯಮ ಬದಲಾಯಿತು. ಆ ಕೆಲಸ ಅರ್ಧಕ್ಕೇ ನಿಂತಿತು. ಅದೇ ಕಾರ್ಯಾಗಾರದವರು ಕೆಲವೇ ತಿಂಗಳಲ್ಲಿ ಇನ್ನೊಂದು ಕವಚ ಒದಗಿಸಬೇಕಾಗಿ ಬಂದು, ಹಳೆಯ ಕವಚಗಳ ತುಂಡುಗಳನ್ನು ತಿದ್ದಿ ಜೋಡಿಸಿದರು. ಆ ಆತುರದ ಗುರುತು ಇಂದಿಗೂ ಅದರ ಮೇಲಿದೆ. ಎರಡೂ ಕವಚಗಳು ಇಂಗ್ಲೆಂಡಿನ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿವೆ. ದೊರೆ ಒಬ್ಬನೇ, ಕುಲುಮೆ ಒಂದೇ. ಕಾಲ ಕೊಟ್ಟಾಗ ಆದದ್ದು ಒಂದು, ಕಾಲ ಕಿತ್ತುಕೊಂಡಾಗ ಆದದ್ದು ಇನ್ನೊಂದು. "ಇಂಡಿಯಾದ ಮಾಲು" ಎಂದು ಹಳಿಯುವವರು ಈ ಎರಡನ್ನೂ ಒಮ್ಮೆ ನೋಡಿ ಬರಲಿ.

ಇನ್ನು ದಲ್ಲಾಳಿಯ ಮಾತು. 1839ರ ಆಗಸ್ಟ್ 28ರಂದು ಸ್ಕಾಟ್ಲೆಂಡಿನಲ್ಲಿ ಎಗ್ಲಿಂಟನ್ನಿನ ಜಹಗೀರುದಾರನು ಮಧ್ಯಯುಗದ ಪಂದ್ಯವೊಂದನ್ನು ಆಡಿಸಿದನು. ಸಿರಿವಂತ ತರುಣರು ಕವಚ ತೊಟ್ಟು ಕುದುರೆಯೇರಿ ಭರ್ಜಿ ಹಿಡಿದರು. ಮಳೆ ಸುರಿಯಿತು, ವೀರರು ಕೊಡೆ ಬಿಚ್ಚಿದರು, ಬಯಲು ಕೆಸರಾಯಿತು. ಅದೇ ವರ್ಷದ ಜುಲೈ 12ರಂದು, ಅಂದರೆ ಸುಮಾರು ಏಳು ವಾರ ಮುಂಚೆ, ದುಡಿಯುವವರಿಗೂ ಮತದ ಹಕ್ಕು ಬೇಕೆಂದು ಸುಮಾರು 12 ಲಕ್ಷ 80 ಸಾವಿರ ಜನ ರುಜು ಹಾಕಿದ್ದ ಚಾರ್ಟಿಸ್ಟರ ಮನವಿಯನ್ನು ಬ್ರಿಟಿಷ್ ಪಾರ್ಲಿಮೆಂಟು ಪರಿಶೀಲಿಸಲೂ ಒಪ್ಪದೆ ತಳ್ಳಿಹಾಕಿತ್ತು. ದುಡಿಯುವವರ ಅರ್ಜಿಗೆ ಬಾಗಿಲು ಮುಚ್ಚಿದ ವರ್ಗವೇ ಕಬ್ಬಿಣದ ಅಂಗಿ ತೊಟ್ಟು ಪೌರುಷ ಮೆರೆಯಲು ಹೊರಟಿತ್ತು!

ಆ ಕವಚಗಳನ್ನು ಒದಗಿಸಿದವನು ಸ್ಯಾಮ್ಯುಯೆಲ್ ಪ್ರ್ಯಾಟ್ ಎಂಬ ಲಂಡನ್ನಿನ ವ್ಯಾಪಾರಿ. ಅವನ ಹೆಸರು ಚರಿತ್ರೆಯ ಪುಟದಲ್ಲಿದೆ. ಅವನ ಅಂಗಡಿಯಿಂದ ಹೋದ ಹಲವು "ಪ್ರಾಚೀನ" ವಸ್ತುಗಳು ಅವನ ಕಾಲದಲ್ಲೇ ಹೊಸದಾಗಿ ಮಾಡಿದವೆಂದು ಮುಂದೆ ಬಯಲಾಯಿತು. ಎಂದರೆ ಬಲ್ಲವರೂ ಮೋಸಹೋಗುವಷ್ಟು ನಿಪುಣರಾದ ಕೆಲಸಗಾರರು ಆಗ ಲಂಡನ್ನಿನಲ್ಲೇ ಇದ್ದರು! "ಕಸಬುದಾರ ಸಿಗುವುದಿಲ್ಲ" ಎಂಬ ಮಾತು ಅಂದೂ ಸುಳ್ಳು. ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿದ್ದನು, ಅವನ ಮುಂದೆ ಪರದೆ ಎಳೆದಿತ್ತು. ಕೆಸರಾದದ್ದು ಒಬ್ಬನ ಕೈ, ಮೊಸರಾದದ್ದು ಇನ್ನೊಬ್ಬನ ಬಾಯಿ.

ಹಾಗಾದರೆ ಮಧ್ಯಯುಗದಲ್ಲಿ ಎಲ್ಲವೂ ಸರಿಯಾಗಿತ್ತೆ? ನಾವು ಹಾಗೆ ಹೇಳುವುದಿಲ್ಲ. ಆಗ ಕಸಬಿನ ಸಂಘಗಳಿದ್ದವು. ಲಂಡನ್ನಿನ ಕವಚಗಾರರ ಸಂಘ 1322ರಷ್ಟು ಹಳೆಯದು. ಆಗ್ಸ್‌ಬರ್ಗ್ ನಗರದ ಕವಚದ ಮೇಲೆ ಪೈನ್ ಮರದ ಕಾಯಿಯ ಮುದ್ರೆ ಇರುತ್ತಿತ್ತು, ಜೊತೆಗೆ ಯಜಮಾನ ಕಮ್ಮಾರನ ಗುರುತೂ ಇರುತ್ತಿತ್ತು. ಹೆಲ್ಮ್‌ಶ್ಮಿಡ್ ಮನೆತನದವರ ಕೆಲಸ ಯಾವುದೆಂದು ಐನೂರು ವರ್ಷವಾದರೂ ಗುರುತಿಸಲು ಸಾಧ್ಯವಾಗಿರುವುದು ಇಂಥ ಗುರುತಿನಿಂದಲೇ. ಇದು ದೊಡ್ಡ ಮಾತು. ಆದರೆ ಸಂಘ ಯಜಮಾನರದಾಗಿತ್ತು. ಅವರ ಕೈಕೆಳಗೆ ಸುತ್ತಿಗೆ ಎತ್ತಿದ ಆಳಿನ ಗುರುತನ್ನು ಯಾರೂ ಒತ್ತಲಿಲ್ಲ. ಗ್ರೀನಿಚ್‌ನ ಯಜಮಾನ ಜೇಕಬ್ ಹಾಲ್ಡರ್ ಬರೆಸಿದ ಕವಚಗಳ ಚಿತ್ರಪುಸ್ತಕ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಕವಚ ಮಾಡಿಸಿಕೊಂಡ ಪ್ರಭುಗಳ ಹೆಸರುಗಳಿವೆ. ತಿದಿ ಒತ್ತಿದವನ ಹೆಸರಿಲ್ಲ. ಹಳೆಯದನ್ನು ಪೂಜಿಸಬೇಕಾಗಿಲ್ಲ, ಅದರಲ್ಲಿದ್ದ ನ್ಯಾಯವನ್ನು ತೆಗೆದುಕೊಂಡು ಅನ್ಯಾಯವನ್ನು ಬಿಡಬೇಕು.

ಹೆಸರಿನ ಮಹತ್ವ ತಿಳಿಯಲು ಯುರೋಪಿಗೇ ಹೋಗಬೇಕಾಗಿಲ್ಲ. ವಿಜಯಪುರದ ಕೋಟೆಯ ಮೇಲಿನ ಮಲಿಕ್-ಎ-ಮೈದಾನ್ ತೋಪನ್ನು ನಮ್ಮ ಓದುಗರಲ್ಲಿ ಹಲವರು ಮುಟ್ಟಿ ನೋಡಿದ್ದಾರೆ. 1549ರಲ್ಲಿ ಅಹಮದ್‌ನಗರದಲ್ಲಿ ಅದನ್ನು ಎರಕ ಹೊಯ್ದವನು ಮಹಮ್ಮದ್ ಬಿನ್ ಹುಸೇನ್ ರೂಮಿ. ನಮಗೆ ಹೇಗೆ ಗೊತ್ತು? ಅವನ ಹೆಸರು ತೋಪಿನ ಮೇಲೇ ಇದೆ. ಮಾಡಿಸಿದ ಸುಲ್ತಾನನ ಹೆಸರೂ ಇದೆ, ಮುಂದೆ ಬಿಜಾಪುರವನ್ನು ಗೆದ್ದ ಔರಂಗಜೇಬನ ಹೆಸರೂ ಇದೆ. ಇಬ್ಬರು ಅರಸರ ನಡುವೆ ಒಬ್ಬ ಕಸಬುದಾರ ತಲೆಯೆತ್ತಿ ನಿಂತಿದ್ದಾನೆ.

ಇದಕ್ಕೆ ಎದುರಾಗಿ ಆದವಾನಿಯ ಕವಚಗಳನ್ನು ನೋಡಿ. 1953ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಊರು ಅದು. 1689ರಲ್ಲಿ ಮೊಗಲರ ಪರವಾಗಿ ಆದವಾನಿಯನ್ನು ಹಿಡಿದಾಗ ಬಿಕಾನೇರಿನ ಅನೂಪ ಸಿಂಹನು ಅಲ್ಲಿನ ಆಯುಧಗಳನ್ನೂ, ಉಂಗುರ ಮತ್ತು ತಗಡು ಸೇರಿಸಿ ಮಾಡಿದ ಕವಚಗಳನ್ನೂ ಹೊತ್ತೊಯ್ದನು. ಅವುಗಳಲ್ಲಿ ಕೆಲವು ಈಗ ವಿದೇಶದ ಸಂಗ್ರಹಾಲಯಗಳಲ್ಲಿವೆ. ಅವುಗಳ ಮೇಲೆ ನಾಗರಿ ಅಕ್ಷರದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಬರಹ ಕಾಣುತ್ತದೆ. ಯಾರದು ಬರಹ? ಹೆಣೆದವನದಲ್ಲ, ಗೆದ್ದು ಒಯ್ದವನ ಉಗ್ರಾಣದ್ದು. ಮಾಡಿದವನ ಹೆಸರು ಅಳಿದು, ಹೊತ್ತೊಯ್ದವನ ಹೆಸರು ಉಳಿಯಿತು. ಇಂದಿನ ಬೆಲೆಪಟ್ಟಿಯೂ ಇದೇ ಉಗ್ರಾಣದ ಬರಹವಲ್ಲದೆ ಮತ್ತೇನು? ಅದರಲ್ಲಿ ಕಂಪನಿಯ ಹೆಸರಿದೆ, ಸಾಮಾನಿನ ನಂಬರಿದೆ, ಉಕ್ಕಿನ ದಪ್ಪ ಇದೆ, ದರ ಇದೆ. ಕಮ್ಮಾರನಿಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುತ್ತಿಲ್ಲ. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ 13,000 ಕೋಟಿ ರೂಪಾಯಿಯ ವಿಶ್ವಕರ್ಮ ಯೋಜನೆಯನ್ನು ಸಾರಿತು. ಅದರ 18 ಕಸಬುಗಳಲ್ಲಿ ಬಡಗಿ, ಕಮ್ಮಾರ, ಕುಂಬಾರರ ಜೊತೆಗೆ ಆಯುಧ-ಕವಚ ಮಾಡುವವರನ್ನೂ ಸೇರಿಸಿದೆ. ತರಬೇತಿಯ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿ, ಎರಡು ಕಂತಿನಲ್ಲಿ 3 ಲಕ್ಷದವರೆಗೆ ಶೇಕಡಾ 5ರ ಬಡ್ಡಿಯ ಸಾಲ. ಮಾರಾಟಕ್ಕೆ ನೆರವು ಎಂಬ ಮಾತೂ ಇದೆ. ಒಳ್ಳೆಯದೇ. ಆದರೆ ಸುತ್ತಿಗೆ ಇಲ್ಲದ್ದರಿಂದ ಕಮ್ಮಾರ ಬಡವನಾದನೆ? ಸುತ್ತಿಗೆ ಅವನಲ್ಲಿ ತಾತನ ಕಾಲದಿಂದ ಇದೆ. ಅವನಲ್ಲಿ ಇಲ್ಲದ್ದು ತನ್ನ ದುಡಿಮೆಗೆ ತಾನೇ ಬೆಲೆ ಹೇಳುವ ಬಲ. ಸಾಲದ ಹಣದಲ್ಲಿ ಮಾಡಿದ ಮಾಲನ್ನೂ ಅದೇ ದಲ್ಲಾಳಿಗೆ ಅದೇ ದರಕ್ಕೆ ಹಾಕಬೇಕಾದರೆ, ಆ ಸಾಲದ ಲಾಭ ಯಾರ ತಿಜೋರಿಗೆ ಸೇರುತ್ತದೆಂದು ಬೇರೆ ಹೇಳಬೇಕಾಗಿಲ್ಲ. 1999ರ ಭೌಗೋಳಿಕ ಗುರುತಿನ ಕಾಯಿದೆ ಬೀದರಿನ ಹೆಸರಿಗೆ, ಚನ್ನಪಟ್ಟಣದ ಹೆಸರಿಗೆ ರಕ್ಷಣೆ ಕೊಟ್ಟಿದೆ. ಊರಿನ ಹೆಸರಿಗೆ ಬೇಲಿ ಬಿತ್ತು; ಕೈಯ ಹೆಸರು ಇನ್ನೂ ಬಯಲಲ್ಲೇ ಇದೆ.

ಇಲ್ಲಿ ನಮ್ಮ ವ್ಯಾಪಾರಿ ಮಿತ್ರರು ಕೇಳಬಹುದು: "ದಲ್ಲಾಳಿ, ದಲ್ಲಾಳಿ ಎನ್ನುತ್ತೀರಿ, ನಾವೂ ನಡುವಿನವರೇ ಅಲ್ಲವೆ?" ಹೌದು, ಆದರೆ ನಡುವೆ ನಿಲ್ಲುವುದರಲ್ಲಿ ಎರಡು ಬಗೆ. ಸೇತುವೆಯಾಗಿ ನಿಲ್ಲುವವನು ಒಬ್ಬ, ಗೋಡೆಯಾಗಿ ನಿಲ್ಲುವವನು ಇನ್ನೊಬ್ಬ. ಬಾಡಿಗೆ, ಉದ್ರಿಗಳ ಭಾರ ಹೊತ್ತು, ಈ ಕೊಡಲಿ ಯಾವ ಊರಿನ ಯಾರ ಕುಲುಮೆಯದೆಂದು ಗಿರಾಕಿಗೆ ಹೇಳಿ, ತನ್ನ ಶ್ರಮಕ್ಕೆ ತಕ್ಕ ಲಾಭ ಇಟ್ಟುಕೊಳ್ಳುವ ಸಣ್ಣ ವ್ಯಾಪಾರಿಯೊಡನೆ ನಮಗೆ ಜಗಳವಿಲ್ಲ. ಮಾಡಿದವನಿಗೆ ಕೊಂಡವನ ವಿಳಾಸ ತಿಳಿಯಬಾರದು, ಕೊಂಡವನಿಗೆ ಮಾಡಿದವನ ಹೆಸರು ತಿಳಿಯಬಾರದು ಎಂದು ಇಬ್ಬರನ್ನೂ ಕತ್ತಲಲ್ಲಿಟ್ಟು ಎರಡೂ ಕಡೆ ಸುಲಿಯುವವನೊಡನೆ ನಮ್ಮ ಜಗಳ. ಅಂಥವನು ಬೆಳೆದರೆ ಕಮ್ಮಾರನೊಡನೆ ಸಣ್ಣ ಅಂಗಡಿಯನ್ನೂ ನುಂಗುತ್ತಾನೆ.

ಆದ್ದರಿಂದ ಕವಚ ಮಾಡಿಸುವವರಿಗೆ ನಮ್ಮ ಮಾತು ನೇರವಾಗಿದೆ. ಕಸಬುದಾರ ಬೇಕಾದರೆ ಕುಲುಮೆಯನ್ನು ಹುಡುಕಿ, ಬೆಲೆಪಟ್ಟಿಯನ್ನಲ್ಲ. ಕೆಲಸದ ಮನೆ ತೋರಿಸಲು ಒಪ್ಪದವನಿಗೆ ಮುಂಗಡ ಕೊಡಬೇಡಿ. "ಒಂದು ಹಳೆಯ ಕವಚ" ಎಂದು ಕೇಳಬೇಡಿ. ಇಂಥ ಕಾಲದ, ಇಂಥ ಊರಿನ, ಇಂಥ ಸಂಗ್ರಹದಲ್ಲಿರುವ ಈ ಕವಚ ಎಂದು ಗೊತ್ತುಮಾಡಿ. ಆಸ್ಟ್ರಿಯಾದ ಗ್ರಾಟ್ಸ್ ನಗರದ ಹಳೆಯ ಶಸ್ತ್ರಾಗಾರವೊಂದರಲ್ಲೇ ಸುಮಾರು 32,000 ವಸ್ತುಗಳಿವೆ. ನೋಡಿ ಆರಿಸಲು ಮಾದರಿಗೇನೂ ಬರವಿಲ್ಲ. ಮೈಯಳತೆ ಕೊಡಿ. ಉಕ್ಕಿನ ದಪ್ಪ, ಉಂಗುರಕ್ಕೆ ರಿವೆಟ್ ಉಂಟೋ ಇಲ್ಲವೋ ಎಂಬುದನ್ನು ಕರಾರಿನಲ್ಲಿ ಬರೆಯಿರಿ. ಉಕ್ಕಿನ ಹಣ ಮೊದಲೇ ಕೊಡಿ, ಉಳಿದದ್ದನ್ನು ಕೆಲಸ ಮುಂದುವರಿದಂತೆ ಕೊಡಿ. ಅವನು ಕೇಳಿದಷ್ಟು ಕಾಲ ಕೊಡಿ. ಒಳಮೈಯಲ್ಲಿ ಅವನ ಗುರುತು ಒತ್ತಿಸಿ. ಇಷ್ಟನ್ನು ಮಾಡಿಯೂ ಮಾಲು ಕಳಪೆಯಾಗಿ ಬಂದರೆ ಆಗ ಬಯ್ಯಿರಿ, ನಾವೂ ದನಿಗೂಡಿಸುತ್ತೇವೆ.

ಕುಲುಮೆಯವರಿಗೂ ಒಂದು ಮಾತು ಹೇಳಬೇಕು. ಒಬ್ಬೊಬ್ಬನೇ ದಲ್ಲಾಳಿಯ ಮುಂದೆ ನಿಂತರೆ ಪಕ್ಕದವನಿಗಿಂತ ನಾಲ್ಕಾಣೆ ಕಡಿಮೆ ಕೇಳುವುದೊಂದೇ ದಾರಿ. ಆ ದಾರಿಯ ಕೊನೆಯಲ್ಲಿ ಇಬ್ಬರೂ ಉಪವಾಸ. ಸಹಕಾರ ಸಂಘ ಕಟ್ಟಿ, ತುಂಡುಗೂಲಿಯ ಕನಿಷ್ಠ ದರವನ್ನು ಸಂಘದಲ್ಲೇ ಗೊತ್ತುಮಾಡಿ, ಸಂಘದ ಮುದ್ರೆಯ ಪಕ್ಕದಲ್ಲಿ ಮಾಡಿದವನ ಹೆಸರನ್ನೂ ಒತ್ತಬೇಕು. ಯಜಮಾನನ ಹೆಸರೊಂದೇ ಅಲ್ಲ, ಉಂಗುರ ಅದುಮಿದ ಹೆಣ್ಣುಮಗಳದೂ ಆಗಬಹುದು, ಅರ ಹಾಕಿ ನುಣುಪು ಮಾಡಿದ ಹುಡುಗನದೂ ಆಗಬಹುದು.

ಗಿರಣಿ ಬಂಧುಗಳೇ, ಈಗ ಮಾತು ನಿಮ್ಮ ಬಾಗಿಲಿಗೆ ಬಂದಿದೆ. ನೀವು ನೇಯ್ದ ತಾನಿನ ಅಂಚಿನಲ್ಲಿ ಗಿರಣಿಯ ಮುದ್ರೆ ಇದೆ. ಮಗ್ಗದ ಮುಂದೆ ರಾತ್ರಿ ಪಾಳಿ ನಿಂತವನ ಹೆಸರಿದೆಯೆ? ಬಟ್ಟೆ ಚೆನ್ನಾಗಿದ್ದರೆ ಹೊಗಳಿಕೆ ಮಾಲೀಕನಿಗೆ, ಎಳೆ ತಪ್ಪಿದರೆ ದಂಡ ನಿಮಗೆ. ಡೆಹ್ರಾಡೂನಿನ ಕಮ್ಮಾರನ ಕತೆ ಇದಕ್ಕಿಂತ ಬೇರೆಯೇನಲ್ಲ. "ಒಳ್ಳೆಯ ಕೆಲಸಗಾರ ಸಿಗುವುದಿಲ್ಲ" ಎಂದು ಮುಂದೆ ಯಾರಾದರೂ ನಿಮ್ಮೆದುರಿಗೆ ಗೋಳಾಡಿದರೆ ಮೂರು ಪ್ರಶ್ನೆ ಕೇಳಿ: ಕೂಲಿ ಎಷ್ಟು ಕೊಟ್ಟಿರಿ? ಕಾಲ ಎಷ್ಟು ಕೊಟ್ಟಿರಿ? ಅವನ ಹೆಸರು ಎಲ್ಲಿ ಬರೆದಿರಿ? ಮೂರಕ್ಕೂ ಉತ್ತರವಿಲ್ಲದವನಿಗೆ ಕೆಲಸಗಾರ ಸಿಗುವುದಿಲ್ಲ. ಸಿಗಲೂಬಾರದು.